ಹಾಂಗ್‌ಕಾಂಗ್ ಇಡಿಯಾಗಿ 99 ವರ್ಷದ ಗುತ್ತಿಗೆಯಲ್ಲಿರಲಿಲ್ಲ

‘ಹಾಂಗ್‌ಕಾಂಗನ್ನು ಚೀನಾ 99 ವರ್ಷಕ್ಕೆ ಬ್ರಿಟನ್ನಿಗೆ ಗುತ್ತಿಗೆ ಕೊಟ್ಟಿತ್ತು. ಬ್ರಿಟಿಷರು ಅಲ್ಲಿ ಬೆಳೆಸಿದ್ದ ಪ್ರಜಾಪ್ರಭುತ್ವವನ್ನು ಚೀನಾ ಬಂದು ಕಿತ್ತುಕೊಂಡಿತು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರಲ್ಲಿ ಅರ್ಧ ತಪ್ಪು, ಉಳಿದರ್ಧ ಅಪೂರ್ಣ.

ಬ್ರಿಟನ್ ವಿರುದ್ಧದ ಎರಡು ಅಫೀಮು ಯುದ್ಧಗಳಲ್ಲಿ ಸೋತ ಚೀನಾ 1842ರಲ್ಲಿ ಹಾಂಗ್‌ಕಾಂಗ್ ದ್ವೀಪವನ್ನೂ 1860ರಲ್ಲಿ ಕೌಲೂನನ್ನೂ ಶಾಶ್ವತವಾಗಿ ಬಿಟ್ಟುಕೊಡಬೇಕಾಯಿತು. 99 ವರ್ಷದ ಗುತ್ತಿಗೆ 1898ರದ್ದು, ಕೌಲೂನಿನ ಉತ್ತರದ ನೆಲ ಹಾಗೂ ಸುತ್ತಲಿನ ದ್ವೀಪಗಳು ಸೇರಿದ ‘ನ್ಯೂ ಟೆರಿಟರೀಸ್’ಗೆ ಮಾತ್ರ. ಆದರೆ ಬಹುಪಾಲು ನೆಲ ಅದೇ ಆಗಿತ್ತು. ಅದಿಲ್ಲದೆ ಉಳಿದದ್ದನ್ನು ನಡೆಸುವುದು ಕಷ್ಟವಾದ್ದರಿಂದ ಚೀನಾದೊಂದಿಗಿನ 1984ರ ಜಂಟಿ ಘೋಷಣೆಯಲ್ಲಿ, ಗುತ್ತಿಗೆ ಮುಗಿಯುವ 1997ರಲ್ಲಿ ಇಡೀ ಪ್ರದೇಶವನ್ನು ಬಿಟ್ಟುಕೊಡಲು ಬ್ರಿಟನ್ ಒಪ್ಪಿತು. ಜನಮತಗಣನೆ ನಡೆಯಲೇ ಇಲ್ಲ. ನನಗೆ ಬಹಳ ನೋವು ತರುವ ಸಂಗತಿ ಇದು: ಲಕ್ಷಾಂತರ ಜನರ ನೆಲದ ಬಗ್ಗೆ ಎರಡು ರಾಜಧಾನಿಗಳು ತೀರ್ಮಾನಿಸಿದವು.

ಇನ್ನು ಪ್ರಜಾಪ್ರಭುತ್ವ. ಗವರ್ನರ್‌ಗಳು ಕೊನೆಯವರೆಗೂ ಲಂಡನ್ನಿನಿಂದಲೇ ನೇಮಕವಾದರು. ಶಾಸನಸಭೆಗೆ ಮೊದಲ ನೇರ ಚುನಾವಣೆ ನಡೆದದ್ದು 1991ರಲ್ಲಿ, ಅದೂ 18 ಸ್ಥಾನಗಳಿಗೆ.

ಹಾಗೆಂದು ಚೀನಾ ಕೊಟ್ಟ ಮಾತು ಉಳಿಸಿಕೊಂಡಿತು ಎನ್ನಲಾಗದು. ಸಾರ್ವತ್ರಿಕ ಮತದಾನವೇ ಅಂತಿಮ ಗುರಿ ಎಂದು ಹಾಂಗ್‌ಕಾಂಗಿಗೆ ಸಂವಿಧಾನದಂತಿರುವ ‘ಮೂಲ ಕಾನೂನಿನ’ 45 ಮತ್ತು 68ನೇ ವಿಧಿಗಳು ಹೇಳುತ್ತವೆ. ಆದರೆ 2020ರಲ್ಲಿ ಚೀನಾ ಅಲ್ಲಿ ರಾಷ್ಟ್ರೀಯ ಭದ್ರತಾ ಕಾನೂನನ್ನು ಹೇರಿತು. 2021ರಲ್ಲಿ ಶಾಸನಸಭೆಯ ಸ್ಥಾನಗಳನ್ನು 70ರಿಂದ 90ಕ್ಕೆ ಏರಿಸಿ, ನೇರ ಚುನಾಯಿತ ಸ್ಥಾನಗಳನ್ನು 35ರಿಂದ 20ಕ್ಕೆ ಇಳಿಸಲಾಯಿತು. ಆ ಸಂದೇಶ ಬಂದರೆ ದಯವಿಟ್ಟು ಈ ಇಸವಿಗಳನ್ನೂ ಜೊತೆಗೆ ಕಳಿಸಿ.