ಬಿಲ್ಲಿಗೆ ಬಿದಿರೂ ಒಳ್ಳೆಯದೇ

ಲಾಂಗ್‌ಬೋಗೆ, ಅಂದರೆ ಇಂಗ್ಲೆಂಡಿನ ಆಳೆತ್ತರದ ಬಿಲ್ಲಿಗೆ, ಯೂ ಎಂಬ ತಂಪು ನಾಡಿನ ಮರವೇ ಬೇಕು ಅಂತ ಲೇಖನದಲ್ಲಿ ಬರೆದಿದ್ದೀರಿ. ಯಾಕೆ ಅನ್ನೋದನ್ನೂ ಹೇಳಬೇಕಿತ್ತು. ಆ ಮರದಲ್ಲಿ ತೊಗಟೆ ಕೆಳಗಿನ ಬಿಳಿ ಭಾಗ ಎಳೆತ ತಡೆದುಕೊಳ್ಳುತ್ತದೆ, ಅದು ಬಿಲ್ಲಿನ ಹೊರಮೈಗೆ ಬರಬೇಕು. ಒಳಗಿನ ಕೆಂಪು ಚೇಗು ಒತ್ತಡ ತಡೆದುಕೊಳ್ಳುತ್ತದೆ, ಅದು ಬಿಲ್ಲು ಹಿಡಿದವನ ಕಡೆಗೆ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಯುದ್ಧನೌಕೆ ಮೇರಿ ರೋಸ್‌ನಲ್ಲಿ ಸಿಕ್ಕ ನೂರಕ್ಕೂ ಹೆಚ್ಚು ಬಿಲ್ಲುಗಳು ಇದೇ ಮರದವು.

ನಮ್ಮ ಕಲಬುರಗಿಯಲ್ಲಿ ಯೂ ಎಲ್ಲಿಂದ ತರೋಣ? ಬಿದಿರು ಇದೆಯಲ್ವಾ! ಅದರ ಹೊರ ಸಿಪ್ಪೆ ಕಡೆಗೇ ನಾರು ಜಾಸ್ತಿ. ಅದನ್ನು ಸುಮ್ನೆ ಕೆರೆಯಬೇಡಿ, ಅಲ್ಲಿಂದಲೇ ಸೀಳುತ್ತದೆ. ಹೋದ ಬೇಸಿಗೆಯಲ್ಲಿ ಬಿಲ್ಲಿಗೆಂದು ಒಂದು ಹಸಿ ಗಳವನ್ನು ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟಿದ್ದೆ. ಮೂರೇ ದಿನಕ್ಕೆ ತುದಿಯಿಂದ ಗೆಣ್ಣಿನವರೆಗೆ ಬಿರುಕು. ತುಂಬಾ ಬೇಜಾರಾಯ್ತು. ಈ ಸಲ ತುದಿಗಳಿಗೆ ಮೇಣ ಹಚ್ಚಿ ನೆರಳಲ್ಲಿ ಮಲಗಿಸಿದ್ದೇನೆ. ದೀಪಾವಳಿವರೆಗೆ ಮುಟ್ಟೋದಿಲ್ಲ.