ಮೂರು ತಿಂಗಳ ಪೇಸ್ಲಿಪ್

ಮೊನ್ನೆ ಅಕ್ಕನ ಮಗ ಮೈಸೂರಿನಿಂದ ಫೋನ್ ಮಾಡಿದ್ದ. "ಮಾಮ, ಬೆಂಗಳೂರಿನ ಇಂಟರ್‌ವ್ಯೂ ಚೆನ್ನಾಗಾಯ್ತು. ಆದ್ರೆ ಮೂರು ತಿಂಗಳ ಪೇಸ್ಲಿಪ್ ಕಳಿಸಿದ ಮೇಲೇನೇ ಸಂಬಳದ ಮಾತು ಅಂತಿದಾರೆ. ಕಳಿಸ್ಲಾ?"

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಹತ್ತು ವರ್ಷವಾಯಿತು. ಆದರೂ ಆ ಮಾತು ಕೇಳಿದ ಕೂಡಲೇ ಹಳೆಯ ಸಂಕಟ ಮರುಕಳಿಸಿತು.

ವೈಟ್‌ಫೀಲ್ಡಿನ ಒಂದು ಕಂಪನಿಯವರು ಬೆಳಿಗ್ಗೆ ಒಂಬತ್ತೂವರೆಗೆ ಬನ್ನಿ ಅಂದಿದ್ದರು. ಎರಡೂವರೆವರೆಗೆ ಕೂರಿಸಿದರು. ಬಂದವರಿಗೆ ಮೊದಲು ನೀರು-ಬೆಲ್ಲ ಕೊಡುವ ನಾಡಿನಲ್ಲಿ ಒಂದು ಲೋಟ ನೀರು ಬೇಕೇ ಎಂದು ಕೇಳುವವರಿರಲಿಲ್ಲ. ಕೊನೆಗೆ ಕರೆದವರು ನನ್ನ ರೆಸ್ಯೂಮೆಯನ್ನು ನನ್ನೆದುರೇ ಮೊದಲ ಸಲ ತೆರೆದರು. ಈ ಕೆಲಸಕ್ಕೆ ಎಷ್ಟು ಸಂಬಳ ಎಂದು ಹೇಳಲೇ ಇಲ್ಲ; ಪೇಸ್ಲಿಪ್ ನೋಡಿ, ಅದರ ಮೇಲೆ ಇಷ್ಟು ಪರ್ಸೆಂಟ್ ಅಂದರು. ತಲೆಯ ಮೇಲೆ ಸಾಲವಿತ್ತು, ಸೇರಿದೆ.

ಆ ಅರ್ಧ ದಿನದಲ್ಲಿ ಕಂಡದ್ದನ್ನೇ ಮುಂದೆ ಎರಡು ವರ್ಷ ಉಂಡೆ. ಸಂಜೆ ಆರಕ್ಕೆ ಕರೆದ ಮೀಟಿಂಗ್ ಎಂಟಕ್ಕೆ ಶುರುವಾಗುತ್ತಿತ್ತು. ಅಪ್ರೈಸಲ್ ದಿನವೂ ಮ್ಯಾನೇಜರ್ ನನ್ನ ಫೈಲನ್ನು ನನ್ನೆದುರೇ ಮೊದಲ ಸಲ ತೆರೆದರು. ಪಕ್ಕದ ಸೀಟಿನಲ್ಲಿ ಅದೇ ಕೆಲಸ ಮಾಡುವವನಿಗೆ ನನಗಿಂತ ಎಷ್ಟೋ ಹೆಚ್ಚು ಸಂಬಳ. ಅವನು ತಂದಿದ್ದ ಪೇಸ್ಲಿಪ್ ದೊಡ್ಡದು, ಅಷ್ಟೇ. ಬಿಟ್ಟು ಹೋಗೋಣವೆಂದರೆ 90 ದಿನದ ನೋಟಿಸ್.

ಜರ್ಮನಿಯ ಮೊದಲ ಇಂಟರ್‌ವ್ಯೂಗೆ ಮುಂಚೆ ಬಂದ ಪತ್ರದಲ್ಲಿ ಯಾರು ಮಾತಾಡಿಸುತ್ತಾರೆ, ಎಷ್ಟು ಹೊತ್ತು ಎಂಬುದೆಲ್ಲ ಇತ್ತು. ರೈಲಿನ ಟಿಕೆಟ್ ಹಣವನ್ನೂ ಕೊಟ್ಟರು. ಕೊಡುವುದಿಲ್ಲವೆಂದು ಮೊದಲೇ ತಿಳಿಸಿರದಿದ್ದರೆ ಕರೆದವರೇ ಪ್ರಯಾಣದ ಖರ್ಚು ಭರಿಸಬೇಕು, ಇಲ್ಲಿನ ಕಾನೂನು ಹಾಗಿದೆ. ನನ್ನ ಹೆಂಡತಿಗೆ ಬೆಂಗಳೂರಲ್ಲಿ "ಮಕ್ಕಳ ಪ್ಲಾನ್ ಇದೆಯಾ?" ಎಂದು ಕೇಳಿದ್ದರು. ಇಲ್ಲಿ ಬಸಿರಿನ ವಿಚಾರ ಕೇಳುವಂತಿಲ್ಲ. ಕೇಳಿದರೆ ಸುಳ್ಳು ಹೇಳಿದರೂ ತಪ್ಪಲ್ಲವೆಂದು ಕೋರ್ಟುಗಳು ಒಪ್ಪಿವೆ. ಇನ್ನು ಪೇಸ್ಲಿಪ್ ವಿಷಯ: ಸಂಬಳ ಎಷ್ಟರಿಂದ ಎಷ್ಟರವರೆಗೆ ಎಂದು ಕಂಪನಿಯೇ ಮೊದಲು ತಿಳಿಸಬೇಕು, ಹಿಂದಿನ ಸಂಬಳ ಕೇಳಬಾರದು ಎಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ನಿಯಮ ಮಾಡಿತು. ಸದಸ್ಯ ದೇಶಗಳು ಅದನ್ನು ತಮ್ಮ ಕಾನೂನಿಗೆ ತರಲು 2026ರ ಜೂನ್ 7ರ ಗಡುವು ಇಟ್ಟಿತು. ಭಾರತದಲ್ಲೂ ಇದು ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಇಲ್ಲಿಯೂ ಎಲ್ಲರೂ ಹಾಗಿಲ್ಲ. ಒಂದು ಕಂಪನಿ ಶನಿವಾರ, ಭಾನುವಾರ ಎರಡೂ ದಿನ ಹಿಡಿಯುವಷ್ಟು ಕೆಲಸ ಮಾಡಿಸಿಕೊಂಡು ಆರು ವಾರ ಉಸಿರೆತ್ತಲಿಲ್ಲ. ಏಳನೇ ವಾರ ಆಫರ್ ಕಳಿಸಿದರು. ನಾನು ಹೋಗಲಿಲ್ಲ. ಅದೇ ಬೆಂಗಳೂರಿನ ಜಯನಗರದಲ್ಲಿ ಒಬ್ಬ ಯಜಮಾನರು ತಾವೇ ಕಾಫಿ ತಂದುಕೊಟ್ಟು, ಒಂದು ಗಂಟೆ ಮಾತಾಡಿಸಿ, "ನಿಮಗೆ ಈ ಕೆಲಸ ಸಾಲದು, ಬೇಜಾರಾಗಿ ಬಿಡ್ತೀರಿ" ಎಂದು ಅಲ್ಲೇ ಹೇಳಿ ಕಳಿಸಿದ್ದರು. ಕೆಲಸ ಕೊಡದ ಅವರ ಮೇಲೆ ನನಗೆ ಇಂದಿಗೂ ಗೌರವ.

ಹುಡುಗನಿಗೆ, "ಈ ಹುದ್ದೆಗೆ ಎಷ್ಟು ಇಟ್ಟಿದ್ದೀರಿ ಅಂತ ಮೊದಲು ನೀನು ಕೇಳು" ಅಂದೆ. ಕೇಳಿದನಂತೆ. "ಅದೆಲ್ಲ ಹೇಳೋಕಾಗಲ್ಲ, ನಿಮ್ಮ ಹಿಂದೆ ಇನ್ನೂ ಹತ್ತು ಜನ ಇದಾರೆ" ಅಂದರಂತೆ. ಕೈಗೆ ಬಂದದ್ದನ್ನು ಬಿಡಬೇಡ ಎಂದು ಅಕ್ಕ ಅಳುತ್ತಿದ್ದಾಳೆ. ಅವಳ ಭಯ ನನಗೆ ಅರ್ಥವಾಗುತ್ತದೆ. ಆದರೂ ಬೇಡ ಅಂತಲೇ ಹೇಳಿದ್ದೇನೆ. ಬೇರೆ ಕಡೆ ಸಿಗುವವರೆಗೆ ಮನೆ ಬಾಡಿಗೆ ನಾನು ಕಳಿಸುತ್ತೇನೆ.