ಪುಕ್ಕಟೆ ಅಂತ ಬಟ್ಟಲಲ್ಲಿ ಬಿಟ್ಟು ಏಳಬೇಡಿ

ದಕ್ಷಿಣ ಕೊರಿಯಾದ ಸೋಲ್‌ಗೆ ಬಂದು ಮೂರು ವರ್ಷವಾಯಿತು. ಊರಿಂದ ಯಾರೇ ಬಂದರೂ ನಮ್ಮ ಆಫೀಸಿನ ಹಿಂದಿನ ಗಲ್ಲಿಯ ಸಣ್ಣ ಹೋಟೆಲಿಗೆ ಕರೆದುಕೊಂಡು ಹೋಗುತ್ತೇನೆ. ಆರೇ ಮೇಜು. ಅಡುಗೆ ಮಾಡಿ ಬಡಿಸುವ ಹೆಂಗಸನ್ನು ಎಲ್ಲರೂ 'ಇಮೊ' ಅನ್ನುತ್ತಾರೆ. ಇಮೊ ಅಂದರೆ ಅಮ್ಮನ ಅಕ್ಕನೋ ತಂಗಿಯೋ. ಹೋಟೆಲಲ್ಲಿ ಹೀಗೆ ಕರೆಯುವುದು ಇಲ್ಲಿ ರೂಢಿ.

ಕೂತ ತಕ್ಷಣ, ಹೇಳಿದ ಊಟ ಬರುವ ಮೊದಲೇ, ಪುಟ್ಟ ಪುಟ್ಟ ಬಟ್ಟಲು ಬಂದು ಮೇಜು ತುಂಬುತ್ತದೆ. ಇವೇ ಬಾನ್‌ಚಾನ್. ಕಿಮ್ಚಿ, ಅಂದರೆ ಖಾರ ಹಾಕಿ ಹುದುಗಿಸಿದ ಕೋಸು, ಅಂತೂ ಇದ್ದೇ ಇರುತ್ತದೆ. ಸೋಯಾ ಮೊಳಕೆ, ಹುರಿದ ಎಳ್ಳಿನ ಎಣ್ಣೆ ಹಾಕಿ ಕಲಸಿದ ಪಾಲಕ್, ಸಿಹಿ-ಉಪ್ಪು ಬೆರೆತ ಆಲೂಗಡ್ಡೆ. ಇದಕ್ಕೆ ಬೇರೆ ದುಡ್ಡಿಲ್ಲ. ಖಾಲಿಯಾದರೆ ಮತ್ತೆ ಹಾಕುತ್ತಾರೆ. ಅನ್ನ ಇನ್ನೊಂದು ಬಟ್ಟಲು ಬೇಕೆಂದರೆ ಮಾತ್ರ ಸಾಮಾನ್ಯವಾಗಿ 1000 ವೊನ್ ಕೊಡಬೇಕು.

ಹೋದ ತಿಂಗಳು ನಮ್ಮವರೇ ಆರು ಜನ ಹೋಗಿದ್ದೆವು. 'ಫ್ರೀ ಅಲ್ವಾ, ಹಾಕಿಸ್ಕೊಳ್ಳೋಣ' ಅಂತ ಎಲ್ಲವನ್ನೂ ಎರಡೆರಡು ಸಲ ತರಿಸಿದರು. ಎದ್ದಾಗ ಅರ್ಧಕ್ಕರ್ಧ ಹಾಗೇ ಉಳಿದಿತ್ತು. ಇಮೊ ಏನೂ ಹೇಳಲಿಲ್ಲ, ಸುಮ್ನೆ ಎಲ್ಲವನ್ನೂ ಒಂದು ಡಬ್ಬಕ್ಕೆ ಸುರಿದರು. ನನಗೆ ತುಂಬಾ ನಾಚಿಕೆಯಾಯಿತು.

ಒಬ್ಬರ ಮೇಜಲ್ಲಿ ಉಳಿದದ್ದನ್ನು ಇನ್ನೊಬ್ಬರಿಗೆ ಬಡಿಸುವುದು ಇಲ್ಲಿ ಕಾನೂನಿಗೆ ವಿರುದ್ಧ. ಹಾಗಾಗಿ ಬಿಟ್ಟದ್ದೆಲ್ಲ ಕಸಕ್ಕೇ. ಆ ಕಸಕ್ಕೂ ಎಷ್ಟು ಹಾಕುತ್ತೀರೋ ಅಷ್ಟು ದುಡ್ಡು ಕಟ್ಟಬೇಕು. ನಾವು ಪುಕ್ಕಟೆ ಅಂದುಕೊಂಡದ್ದಕ್ಕೆ ಇಮೊ ಎರಡು ಸಲ ಖರ್ಚು ಮಾಡುತ್ತಾರೆ.

ಕಿಮ್ಚಿಯಂತೂ ಸುಲಭದ ಕೆಲಸವೇ ಅಲ್ಲ. ಕೋಸಿಗೆ ಉಪ್ಪು ಹಾಕಿ ಗಂಟೆಗಟ್ಟಲೆ ಇಡಬೇಕು, ತೊಳೆಯಬೇಕು, ಆಮೇಲೆ ಒಂದೊಂದು ಎಲೆಯನ್ನೂ ಬಿಡಿಸಿ ಖಾರದ ಮಸಾಲೆ ಸವರಬೇಕು. ಚಳಿಗಾಲ ಶುರುವಾಗುವಾಗ ಮನೆಮಂದಿ, ನೆರೆಹೊರೆಯವರು ಸೇರಿ ಇದನ್ನು ಮಾಡುತ್ತಾರೆ. ಆ ಪದ್ಧತಿಗೆ ಕಿಮ್‌ಜಾಂಗ್ ಅಂತ ಹೆಸರು. 2013ರಲ್ಲಿ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿದೆ. 2024ರ ಬೇಸಿಗೆ ಬಿಸಿಲಿಗೆ ಬೆಳೆ ಕೆಟ್ಟು ಕೋಸಿನ ಬೆಲೆ ವಿಪರೀತ ಏರಿತ್ತು, ಸರ್ಕಾರ ಚೀನಾದಿಂದ ತರಿಸಿತು. ಆಗಲೂ ಇಮೊ ಮೇಜಿನ ಮೇಲೆ ಕಿಮ್ಚಿ ತಪ್ಪಿಸಲಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪಲ್ಲಿ ಹುದುಗಿಸಿದ ಸಿಗಡಿಯನ್ನೋ ಮೀನಿನ ಸಾಸನ್ನೋ ಹಾಕಿರುತ್ತಾರೆ. ಸಾರುಗಳಿಗೂ ಹೆಚ್ಚಾಗಿ ಒಣಮೀನಿನ ನೀರೇ. ಕೇಳಿಯೇ ತಿನ್ನಿ. ತಿನ್ನದ ಬಟ್ಟಲನ್ನು ಕೈ ಹಾಕುವ ಮೊದಲೇ ವಾಪಸ್ ಕೊಟ್ಟುಬಿಡಿ.

ಅಮ್ಮ ಬಂದಿದ್ದಾಗ ಹೀಗೇ ಆಯಿತು. ಅಮ್ಮ ಮೀನು, ಮಾಂಸ ಮುಟ್ಟುವುದಿಲ್ಲ ಅಂತ ಇಮೊಗೆ ಹೇಳಿದೆ. ಅವರು ಕಿಮ್ಚಿ ಬಟ್ಟಲನ್ನು ತಾವೇ ಎತ್ತಿಕೊಂಡು ಹೋದರು. ಅದರ ಜಾಗಕ್ಕೆ ಇನ್ನೊಂದು ಬಟ್ಟಲು ಪಾಲಕ್ ತಂದಿಟ್ಟರು. 'ಎಲೆ ತುದಿಗೆ ಕೋಸಂಬರಿ, ಪಲ್ಯ ಬಡಿಸಿದ ಹಾಗೇ ಇದೆಯಲ್ಲೋ' ಅಂದರು ಅಮ್ಮ. ಎರಡು ಬಟ್ಟಲನ್ನೂ ಒಂದೆಳೆ ಬಿಡದೆ ಖಾಲಿ ಮಾಡಿದರು. ಇಮೊ ಬಂದು ಖಾಲಿ ಬಟ್ಟಲು ನೋಡಿದರು. ಅಮ್ಮನ ಭುಜ ತಟ್ಟಿ ಒಳಗೆ ಹೋದವರು ಈ ಸಲ ಆಲೂಗಡ್ಡೆ ತಂದರು. ಅಮ್ಮ ಕೈ ಅಡ್ಡ ಹಿಡಿದು, 'ಸಾಕಮ್ಮ, ಒಂದೇ ಒಂದು ಹೋಳು ಹಾಕು' ಅಂತ ಕನ್ನಡದಲ್ಲೇ ಹೇಳಿದರು. ಇಮೊ ಒಂದೇ ಹೋಳು ಹಾಕಿದರು.